ಲಿಂಕ್ ಒತ್ತುವ ಮೊದಲು ಫೋನ್ ಕೆಳಗಿಡಿ

ತುಮಕೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಫೋನಿಗೆ ಒಂದು ಸಂಜೆ ಏಳು ಗಂಟೆ ಸುಮಾರಿಗೆ ಮೆಸೇಜ್ ಬಂತು. "ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ. ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ವಿದ್ಯುತ್ ಕಡಿತಗೊಳಿಸಲಾಗುವುದು. ಕೂಡಲೇ ನಮ್ಮ ಅಧಿಕಾರಿಗೆ ಕರೆ ಮಾಡಿ." ಕೆಳಗೆ ಒಂದು ಮೊಬೈಲ್ ನಂಬರ್.

ಚಿಕ್ಕಮ್ಮ ಬಿಲ್ ಕಟ್ಟಿದ್ದರು. ರಸೀದಿ ಫ್ರಿಜ್ ಬಾಗಿಲ ಮೇಲೆ ಸಿಕ್ಕಿಸಿಯೇ ಇತ್ತು. ಆದರೆ ಮಗಳಿಗೆ ಮರುದಿನ ಪರೀಕ್ಷೆ. ಓದೋ ಹೊತ್ತಲ್ಲಿ ಕರೆಂಟ್ ಹೋದರೆ ಏನು ಗತಿ ಅಂತ ಗಾಬರಿಯಾಗಿ ಆ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿದ. "ಅಮ್ಮಾ, ನೀವು ಕಟ್ಟಿರೋದು ನಿಜ. ನಮ್ಮ ಸಿಸ್ಟಮ್‌ನಲ್ಲಿ ಏರಿಲ್ಲ ಅಷ್ಟೇ. ಒಂದು ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಟ್ಟಿ, ಎಲ್ಲಾ ಸರಿ ಹೋಗುತ್ತೆ." ಹತ್ತೇ ರೂಪಾಯಿ ಅಲ್ವಾ ಅಂತ ಕಟ್ಟಿದರು. ಆ ಆ್ಯಪ್ ಫೋನಿನ ಪರದೆಯನ್ನು ಇನ್ನೊಬ್ಬರಿಗೆ ತೋರಿಸುವಂಥದ್ದು. ಹತ್ತು ರೂಪಾಯಿ ಕಟ್ಟಲು ಇವರು ಒತ್ತಿದ ಒಂದೊಂದು ಅಂಕಿಯೂ, ಆಮೇಲೆ ಬಂದ ಒಟಿಪಿಯೂ ಅವನಿಗೆ ಕಾಣುತ್ತಿತ್ತು. ಇಪ್ಪತ್ತು ನಿಮಿಷದೊಳಗೆ ಮೂರು ಕಂತಿನಲ್ಲಿ 48 ಸಾವಿರ ಹೋಯಿತು.

ಚಿಕ್ಕಮ್ಮ ದಡ್ಡಿ ಅಲ್ಲ. ಸಹಕಾರ ಸಂಘದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. ಒಂದು ರೂಪಾಯಿ ಆಚೀಚೆ ಆದರೂ ರಾತ್ರಿಯೆಲ್ಲಾ ಕೂತು ಹುಡುಕುವವರು. ಅಂಥವರು ಸಿಕ್ಕಿಬಿದ್ದದ್ದು ತಿಳಿವಳಿಕೆ ಸಾಲದೆ ಅಲ್ಲ, ಯೋಚಿಸಲು ಬಿಡುವು ಸಿಗದೆ. ರಾತ್ರಿ 9.30 ಅನ್ನುವ ಆ ಗಡುವೇ ಗಾಳ. ಇಂಥ ಮೋಸಕ್ಕೆ ಫಿಶಿಂಗ್ ಎನ್ನುವ ಹೆಸರು ಬಂದದ್ದೂ ಗಾಳ ಹಾಕುವುದರಿಂದಲೇ. ಈ ಲೇಖನದಲ್ಲಿ ಹೇಳುವ ಎಲ್ಲಾ ಹೆಜ್ಜೆಗಳೂ ನಿಮ್ಮಿಂದ ಕಿತ್ತುಕೊಂಡ ಆ ಹತ್ತು ನಿಮಿಷವನ್ನು ವಾಪಸ್ ಪಡೆಯುವುದಕ್ಕೆ.

ಮೊದಲ ಹೆಜ್ಜೆ: ಫೋನ್ ಕೆಳಗಿಡಿ

ಇದನ್ನು ಸುಮ್ನೆ ಮಾತಿಗೆ ಹೇಳುತ್ತಿಲ್ಲ. ನಿಜವಾಗಿ ಫೋನನ್ನು ಮೇಜಿನ ಮೇಲೆ ಮಗುಚಿ ಇಡಿ. ನೀರು ಕುಡಿಯಿರಿ. ಒಲೆ ಮೇಲೆ ಏನಾದರೂ ಇದ್ದರೆ ಹೋಗಿ ನೋಡಿ. ಮೆಸೇಜ್ ನಿಜವಾಗಿದ್ದರೆ ಹತ್ತು ನಿಮಿಷದಲ್ಲಿ ಏನೂ ಮುಳುಗುವುದಿಲ್ಲ. ಯಾವ ಬ್ಯಾಂಕೂ ಅರ್ಧ ಗಂಟೆಯಲ್ಲಿ ಖಾತೆ ಮುಚ್ಚುವುದಿಲ್ಲ. ಬಿಲ್ ಬಾಕಿ ಇದ್ದರೆ ಲೈನ್‌ಮ್ಯಾನ್ ಮನೆ ಹತ್ತಿರ ಬರುತ್ತಾರೆ. ಅನುಮಾನ ಇದ್ದರೆ ಬೆಸ್ಕಾಂ ಸಹಾಯವಾಣಿ 1912 ಇದೆ.

ಮೆಸೇಜ್ ಓದಿ ನಿಮ್ಮ ಎದೆ ಡವಗುಟ್ಟಿದರೆ ಅದನ್ನೇ ಮೊದಲ ಗುರುತು ಅಂದುಕೊಳ್ಳಿ. ಎಲ್ಲಾ ಮೋಸದ ಮೆಸೇಜೂ ಎರಡರಲ್ಲಿ ಒಂದನ್ನು ಮಾಡುತ್ತದೆ: ಹೆದರಿಸುತ್ತದೆ, ಇಲ್ಲವೇ ಆಸೆ ತೋರಿಸುತ್ತದೆ. ಖಾತೆ ಬ್ಲಾಕ್ ಆಗುತ್ತೆ, ಸಿಮ್ ಬಂದ್ ಆಗುತ್ತೆ, ಗಾಡಿಗೆ ದಂಡ ಬಿದ್ದಿದೆ, ಅಂಚೆಯಲ್ಲಿ ಬಂದ ಪಾರ್ಸೆಲ್ ವಾಪಸ್ ಹೋಗುತ್ತೆ ಎನ್ನುವುದು ಒಂದು ಕಡೆ. ತೆರಿಗೆ ರಿಫಂಡ್ ಬಂದಿದೆ, ಕ್ರೆಡಿಟ್ ಕಾರ್ಡ್ ಪಾಯಿಂಟ್ ಇವತ್ತೇ ಮುಗಿಯುತ್ತೆ ಎನ್ನುವುದು ಇನ್ನೊಂದು ಕಡೆ. ಜುಲೈ, ಆಗಸ್ಟ್ ಬಂತೆಂದರೆ ರಿಫಂಡ್ ಮೆಸೇಜ್ ಜಾಸ್ತಿ. ಯಾಕೆಂದರೆ ಜನ ರಿಟರ್ನ್ ಹಾಕಿ ಕಾಯುತ್ತಿರುವ ಕಾಲ ಅದು. ರೈತರಿಗೆ ಪಿಎಂ ಕಿಸಾನ್ ಹೆಸರಲ್ಲಿ ಬರುತ್ತದೆ. ನೀವು ಯಾವುದಕ್ಕೆ ಕಾಯುತ್ತಿದ್ದೀರೋ ಅದೇ ಹೆಸರಲ್ಲಿ ಬಂದಾಗ ನಂಬಿಕೆ ತಾನಾಗಿ ಬಂದುಬಿಡುತ್ತದೆ. ತೆರಿಗೆ ರಿಫಂಡ್ ಇದ್ದರೆ ಅದು ನೀವು ಮೊದಲೇ ಕೊಟ್ಟಿರುವ ಖಾತೆಗೆ ನೇರವಾಗಿ ಬೀಳುತ್ತದೆ. ಅದಕ್ಕೆ ಯಾರೂ ಲಿಂಕ್ ಕಳಿಸಬೇಕಾಗಿಲ್ಲ.

ಮೊದಲೆಲ್ಲಾ ಇಂಥ ಮೆಸೇಜಿನಲ್ಲಿ ಕಾಗುಣಿತ ತಪ್ಪು, ಹರಕು ಮುರುಕು ಇಂಗ್ಲಿಷ್ ಇರುತ್ತಿತ್ತು. ಅದನ್ನು ನೋಡಿಯೇ ಹಿಡಿಯಬಹುದಿತ್ತು. ಈಗ ಎಐ ಬಂದ ಮೇಲೆ ಶುದ್ಧ ಕನ್ನಡದಲ್ಲೇ ಬರೆಸಿ ಕಳಿಸಬಹುದು. ಹಾಗಾಗಿ ಭಾಷೆ ಚೆನ್ನಾಗಿದೆ ಅಂತ ನಂಬಬೇಡಿ.

ಎರಡನೇ ಹೆಜ್ಜೆ: ಯಾರಿಂದ ಬಂತು ನೋಡಿ

ಗಾಬರಿ ಇಳಿದ ಮೇಲೆ ಫೋನ್ ತೆಗೆದು ಕಳಿಸಿದವರ ಹೆಸರು ನೋಡಿ. ಬ್ಯಾಂಕ್, ಸರ್ಕಾರಿ ಇಲಾಖೆಗಳ ಎಸ್ಸೆಮ್ಮೆಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಒಂದು ಪುಟ್ಟ ಹೆಸರಿನಿಂದ ಬರುತ್ತದೆ. 2025ರ ಮೇ ತಿಂಗಳಿಂದ ಆ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಇನ್ನೊಂದು ಅಕ್ಷರ ಸೇರಿಸುತ್ತಿದ್ದಾರೆ. 'ಪಿ' ಇದ್ದರೆ ಜಾಹೀರಾತು. 'ಎಸ್' ಇದ್ದರೆ ಸೇವೆಗೆ ಸಂಬಂಧಿಸಿದ್ದು. 'ಟಿ' ಇದ್ದರೆ ಹಣದ ವ್ಯವಹಾರ ಅಥವಾ ಒಟಿಪಿ. 'ಜಿ' ಇದ್ದರೆ ಸರ್ಕಾರದ್ದು. ಈಗಲೇ ನಿಮ್ಮ ಇನ್‌ಬಾಕ್ಸ್ ತೆಗೆದು ನೋಡಿ, ಇಂಥ ಮೆಸೇಜುಗಳಿಗೆ ಈ ಬಾಲ ಕಾಣುತ್ತದೆ. "ನಿಮ್ಮ ಖಾತೆ ಬ್ಲಾಕ್ ಆಗಿದೆ" ಎನ್ನುವ ಮೆಸೇಜ್ ಯಾವುದೋ ಮೊಬೈಲ್ ನಂಬರಿನಿಂದ ಬಂದಿದ್ದರೆ ಅಲ್ಲಿಗೇ ಮುಗಿಯಿತು, ಅಳಿಸಿಬಿಡಿ.

ಆದರೆ ಹೆಸರು ಸರಿ ಇದೆ ಅಂದ ಮಾತ್ರಕ್ಕೆ ಒಳಗಿರುವುದು ಸತ್ಯ ಅಂತಲ್ಲ. ಈ ಹೆಸರುಗಳ ದುರುಪಯೋಗವೂ ಆಗಿದೆ. ಇದು ಮೊದಲ ಜರಡಿ ಅಷ್ಟೇ.

ಕರೆಗಳ ವಿಷಯದಲ್ಲೂ ಒಂದು ಗುರುತಿದೆ. ಬ್ಯಾಂಕ್, ವಿಮೆ ಮುಂತಾದ ಕಂಪನಿಗಳ ಸೇವಾ ಕರೆಗಳಿಗೆ 1600 ಎಂದು ಶುರುವಾಗುವ ನಂಬರ್‌ಗಳನ್ನು ಕೊಡಲಾಗಿದೆ. 140 ಎಂದು ಶುರುವಾದರೆ ಅದು ಮಾರಾಟದ ಕರೆ. ಮಾಮೂಲಿ ಮೊಬೈಲ್ ನಂಬರಿನಿಂದ "ಬ್ಯಾಂಕ್ ಹೆಡ್ ಆಫೀಸಿಂದ ಮಾತಾಡ್ತಿದೀನಿ" ಅಂದರೆ ಕಟ್ ಮಾಡಿ. ಬೈಯಬೇಕಾಗಿಲ್ಲ, ವಾದವೂ ಬೇಡ. ಮಾತು ಬೆಳೆದಷ್ಟೂ ಅವರಿಗೇ ಅನುಕೂಲ.

ವಾಟ್ಸಾಪ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಮೆಸೇಜ್ ನಿಜವಾಗಿಯೂ ನಿಮ್ಮ ನೆಂಟರ ನಂಬರಿನಿಂದಲೇ ಬಂದಿರುತ್ತದೆ. ಅವರ ವಾಟ್ಸಾಪ್ ಖಾತೆ ಮೊದಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. "ಅರ್ಜೆಂಟಾಗಿ ಹದಿನೈದು ಸಾವಿರ ಬೇಕಿತ್ತು, ಸಂಜೆ ಕೊಡ್ತೀನಿ" ಅಂತ ಭಾವ ಮೆಸೇಜ್ ಮಾಡಿದರೆ, ಮಾಮೂಲಿ ಕರೆ ಮಾಡಿ ದನಿ ಕೇಳಿ. ದನಿಯನ್ನೂ ನಕಲು ಮಾಡುವ ಕಾಲ ಇದು. ಆದ್ದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಅಜ್ಜಿ ಮನೆ ನಾಯಿಯ ಹೆಸರು ಸಾಕು.

ಮೂರನೇ ಹೆಜ್ಜೆ: ಲಿಂಕನ್ನು ಹಿಂದಿನಿಂದ ಓದಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಮ್ಮೆ ಕಲಿತರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಲಕೋಟೆ ಮೇಲೆ ವಿಳಾಸ ಬರೆಯುವಾಗ ಮೊದಲು ಮನೆ ಹೆಸರು, ಆಮೇಲೆ ಬೀದಿ, ಕೊನೆಗೆ ಊರು ಬರೆಯುತ್ತೇವೆ. ಯಾರೋ ತಮ್ಮ ಮನೆಗೆ 'ವಿಧಾನಸೌಧ' ಅಂತ ಹೆಸರಿಟ್ಟು ಕೆಳಗೆ ಬೇರೆ ಊರಿನ ಹೆಸರು ಬರೆದರೆ ಅದು ಬೆಂಗಳೂರಿನ ವಿಧಾನಸೌಧ ಆಗುತ್ತದೆಯೇ? ಪೋಸ್ಟ್‌ಮ್ಯಾನ್ ನೋಡುವುದು ಊರನ್ನು. ವೆಬ್ ವಿಳಾಸವೂ ಹಾಗೆಯೇ. ಮುಂದೆ ಏನು ಬೇಕಾದರೂ ಹೆಸರಿಡಬಹುದು. ಅಸಲಿ ಊರು ಇರುವುದು ಕೊನೆಯಲ್ಲಿ.

ಲಿಂಕನ್ನು ಒತ್ತಬೇಡಿ, ಒತ್ತಿ ಹಿಡಿದು ನಕಲು ಮಾಡಿ ನೋಟ್ಸ್‌ನಲ್ಲಿ ಅಂಟಿಸಿಕೊಳ್ಳಿ. ಶುರುವಿನ ಎರಡು ಓರೆಗೆರೆ ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ. ಅಲ್ಲಿಂದ ಎಡಕ್ಕೆ ಓದುತ್ತಾ ಬನ್ನಿ. ಒಂದು ಉದಾಹರಣೆ ನೋಡೋಣ: 'ನಿಮ್ಮಬ್ಯಾಂಕ್ ಡಾಟ್ ಕೋ ಡಾಟ್ ಇನ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಎಕ್ಸ್‌ವೈಝಡ್', ಆಮೇಲೆ ಓರೆಗೆರೆ. ಮೊದಲು ಕಣ್ಣಿಗೆ ಬೀಳುವುದು ನಿಮ್ಮ ಬ್ಯಾಂಕಿನ ಹೆಸರು. ಆದರೆ ಓರೆಗೆರೆಯಿಂದ ಹಿಂದಕ್ಕೆ ಬಂದರೆ ಸಿಗುವುದು 'ಕೆವೈಸಿಅಪ್‌ಡೇಟ್ ಡಾಟ್ ಎಕ್ಸ್‌ವೈಝಡ್'. ಅದೇ ಊರು. ಬ್ಯಾಂಕಿನ ಹೆಸರು ಬರೀ ಬಾಗಿಲಿಗೆ ಹಾಕಿದ ಬೋರ್ಡ್.

ಸರ್ಕಾರದ ತಾಣವಾದರೆ ಸಾಮಾನ್ಯವಾಗಿ ಓರೆಗೆರೆಗೆ ಅಂಟಿಕೊಂಡ ಹಾಗೆ 'ಡಾಟ್ ಜಿಒವಿ ಡಾಟ್ ಇನ್' ಇರುತ್ತದೆ. ಗಾಡಿ ದಂಡದ ಇ-ಚಲನ್ ತಾಣ, ಆದಾಯ ತೆರಿಗೆ ತಾಣ ಎಲ್ಲವೂ ಹೀಗೇ ಮುಗಿಯುತ್ತವೆ. ಅದೇ 'ಜಿಒವಿ' ಮಧ್ಯದಲ್ಲೆಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಬ್ಯಾಂಕ್‌ಗಳಿಗೂ ಈಗ ಒಂದು ಊರು ಸಿಕ್ಕಿದೆ. ಎಲ್ಲಾ ಬ್ಯಾಂಕ್‌ಗಳೂ ತಮ್ಮ ತಾಣವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಈ ವಿಳಾಸ ಬ್ಯಾಂಕ್‌ಗಳಿಗೆ ಮಾತ್ರ ಸಿಗುತ್ತದೆ. ನನ್ನ ಪ್ರಕಾರ ಸಾಮಾನ್ಯ ಜನರಿಗೆ ಇತ್ತೀಚೆಗೆ ಆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಅಪ್ಪ ಅಮ್ಮನಿಗೆ ಹೇಳಿಕೊಡುವುದೂ ಸುಲಭ.

ಇನ್ನೆರಡು ಮಾತು. ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಸುರಕ್ಷಿತ ಅಂತ ತುಂಬಾ ಜನ ನಂಬಿದ್ದಾರೆ. ಬೀಗದ ಅರ್ಥ, ನೀವು ಕಳಿಸುವುದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಂತ ಮಾತ್ರ. ತಲುಪುವುದು ಕಳ್ಳನ ಮನೆಗೇ ಆದರೆ ಬೀಗ ಏನು ಮಾಡೀತು? ಕಳ್ಳರ ತಾಣಕ್ಕೂ ಬೀಗ ಇರುತ್ತದೆ. ಹಾಗೆಯೇ ಇಂಗ್ಲಿಷಿನ ದೊಡ್ಡ 'ಐ' ಮತ್ತು ಸಣ್ಣ 'ಎಲ್' ಪರದೆ ಮೇಲೆ ಒಂದೇ ಥರ ಕಾಣುತ್ತವೆ. ಸಣ್ಣ 'ಆರ್' ಪಕ್ಕ 'ಎನ್' ಇಟ್ಟರೆ 'ಎಮ್' ಕಂಡಂತೆ ಆಗುತ್ತದೆ. ಕಣ್ಣು ಮೋಸ ಹೋಗುವುದು ಇಲ್ಲಿಯೇ. ಲಿಂಕ್ ತೀರಾ ಚಿಕ್ಕದಾಗಿದ್ದು ಊರೇ ಗೊತ್ತಾಗದಿದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಬಿಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಏನು ಕೇಳುತ್ತಿದ್ದಾರೆ?

ಒಟಿಪಿ ಕೇಳಿದರೆ ಮೋಸ. ಪಿನ್ ಕೇಳಿದರೆ ಮೋಸ. ಇದು ಹೆಚ್ಚಿನವರಿಗೆ ಗೊತ್ತು. ಆದರೆ ಹಣ ಬರಬೇಕಾದಾಗ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ ಎನ್ನುವುದು ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಹಳೇ ಮಂಚ ಮಾರಾಟಕ್ಕಿದೆ ಅಂತ ಹಾಕಿದರೆ "ಹಣ ಕಳಿಸಿದೀನಿ, ಸ್ಕ್ಯಾನ್ ಮಾಡಿ ತಗೊಳ್ಳಿ" ಎನ್ನುವವರು ಬರುತ್ತಾರೆ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹಣದ ಬೇಡಿಕೆ ಕಳಿಸುವ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯವನ್ನು ಈ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಕೋಡಿನ ಆಟ ಮಾತ್ರ ನಿಂತಿಲ್ಲ.

ಈಗಿನ ದೊಡ್ಡ ಅಪಾಯ ಎಪಿಕೆ ಫೈಲ್. ವಾಟ್ಸಾಪ್‌ನಲ್ಲಿ 'ಮದುವೆ ಆಮಂತ್ರಣ' ಅಂತಲೋ 'ಆರ್‌ಟಿಒ ಚಲನ್' ಅಂತಲೋ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ 'ಡಾಟ್ ಎಪಿಕೆ' ಅಂತಿರುತ್ತದೆ. ಲಗ್ನಪತ್ರಿಕೆ ಅಂದರೆ ಫೋಟೋ, ವಿಡಿಯೋ ಅಥವಾ ಪಿಡಿಎಫ್ ಇರುತ್ತದೆ. ಎಪಿಕೆ ಅಂದರೆ ಒಂದು ಆ್ಯಪ್. ಲಗ್ನಪತ್ರಿಕೆ ನೋಡಲು ಆ್ಯಪ್ ಯಾಕೆ ಬೇಕು? ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಮುಗಿಯಿತು. ಆಮೇಲೆ ಯಾರೂ ನಿಮ್ಮನ್ನು ಒಟಿಪಿ ಕೇಳುವುದಿಲ್ಲ, ಅದೇ ತಾನಾಗಿ ಓದಿ ಕಳಿಸುತ್ತದೆ. ಜೊತೆಗೆ ನಿಮ್ಮ ವಾಟ್ಸಾಪ್‌ನಿಂದ ನಿಮ್ಮ ಬಳಗಕ್ಕೆಲ್ಲಾ ಅದೇ ಪತ್ರಿಕೆ ಹೋಗುತ್ತದೆ. ಊರಿನ ಗ್ರೂಪಿನಲ್ಲಿ ಒಬ್ಬರಿಂದ ಹತ್ತು ಜನಕ್ಕೆ ಹಬ್ಬುವುದು ಹೀಗೆ.

ಚಿಕ್ಕಮ್ಮನಿಗೆ ಹಾಕಿಸಿದಂಥ ಸ್ಕ್ರೀನ್ ಶೇರ್ ಆ್ಯಪ್‌ಗಳು ಪ್ಲೇಸ್ಟೋರ್‌ನಲ್ಲೇ ಸಿಗುತ್ತವೆ. ಅವು ಕಳ್ಳ ಆ್ಯಪ್‌ಗಳಲ್ಲ, ಕಚೇರಿ ಕೆಲಸಕ್ಕೆ ಮಾಡಿದವು. ಆದರೆ ಗುರುತು ಪರಿಚಯ ಇಲ್ಲದವರು ಫೋನಲ್ಲಿ ಹೇಳಿದರು ಅಂತ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ವಾಟ್ಸಾಪ್ ವಿಡಿಯೋ ಕರೆಯಲ್ಲೂ ಸ್ಕ್ರೀನ್ ಶೇರ್ ಇದೆ, ಅದೂ ಬೇಡ.

ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲೇ "ನಿಮ್ಮನ್ನು ಬಂಧಿಸಿದ್ದೇವೆ" ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಬಗ್ಗೆ ಒಂದೇ ಮಾತು: ಅಂಥದ್ದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ವಿಡಿಯೋ ಕರೆಯಲ್ಲಿ ಸಮವಸ್ತ್ರ ಕಂಡರೂ ಕಟ್ ಮಾಡಿ.

ಐದನೇ ಹೆಜ್ಜೆ: ನಿಮ್ಮ ದಾರಿಯಿಂದ ಹೋಗಿ

ಕೆಲವೊಮ್ಮೆ ಮೆಸೇಜ್ ನಿಜವೇ ಆಗಿರುತ್ತದೆ. ಕೆವೈಸಿ ಮಾಡಿಸಬೇಕು ಅಂತ ಬ್ಯಾಂಕ್‌ಗಳು ನಿಜಕ್ಕೂ ಕಳಿಸುತ್ತವೆ. ಗಾಡಿಗೆ ದಂಡವೂ ನಿಜಕ್ಕೂ ಬಿದ್ದಿರಬಹುದು. ಹಾಗಾಗಿ ಸುಳ್ಳೋ ನಿಜವೋ ಅಂತ ತಲೆಕೆಡಿಸಿಕೊಳ್ಳುವ ಬದಲು, ಅವರು ತೋರಿಸಿದ ಬಾಗಿಲನ್ನು ಬಿಟ್ಟು ನಿಮಗೆ ಗೊತ್ತಿರುವ ಬಾಗಿಲಿನಿಂದ ಹೋಗಿ. ಬ್ಯಾಂಕಿನ ವಿಷಯವಾದರೆ ಮೊದಲೇ ಇರುವ ಆ್ಯಪ್ ತೆರೆದು ನೋಡಿ, ಇಲ್ಲವೇ ಶಾಖೆಗೆ ಹೋಗಿ. ದಂಡವಾದರೆ ಪರಿವಾಹನದ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಕೇಳಿ.

ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ಮೇಲೆ ಕಾಣುವ ನಂಬರನ್ನು ಕಳ್ಳರೇ ಹಾಕಿರಬಹುದು. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರ್ ಇದೆಯಲ್ಲ, ಅದೇ ಸರಿ.

ಆಗಲೇ ಸಿಕ್ಕಿಬಿದ್ದಿದ್ದರೆ

ಚಿಕ್ಕಮ್ಮ ಎರಡು ದಿನ ಯಾರಿಗೂ ಹೇಳಲಿಲ್ಲ. "ಲೆಕ್ಕ ಬರೆದವಳು ಹೀಗೆ ಮಾಡಿಕೊಂಡೆ ಅಂತ ಹೇಗೆ ಹೇಳಲಿ" ಅಂತ ಒಳಗೊಳಗೇ ಬೆಂದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಎರಡು ದಿನದ ಬಗ್ಗೆ. ಕದ್ದ ಹಣ ಒಂದೇ ಕಡೆ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ಎಟಿಎಂನಿಂದ ಆಚೆಗೆ ಓಡುತ್ತಿರುತ್ತದೆ. ನೀವು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅವರು ಆ ವ್ಯವಹಾರವನ್ನು ಬ್ಯಾಂಕ್‌ಗಳಿಗೆ ತಿಳಿಸುತ್ತಾರೆ. ಹಣ ಯಾವುದಾದರೂ ಖಾತೆಯಲ್ಲಿ ಇನ್ನೂ ಕೂತಿದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಮೊದಲ ಒಂದೆರಡು ಗಂಟೆ ಅಷ್ಟೊಂದು ಮುಖ್ಯ ಆಗುವುದು ಇದಕ್ಕೇ.

ಹಾಗಾಗಿ ಅಳುವುದು, ಬೈಸಿಕೊಳ್ಳುವುದು ಎಲ್ಲಾ ಆಮೇಲೆ. ಮೊದಲು 1930. ಲೈನ್ ಸಿಗದಿದ್ದರೆ ಬಿಡದೆ ಮಾಡುತ್ತಿರಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಅದೇ ಹೊತ್ತಿಗೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಎಲ್ಲಾ ನಿಲ್ಲಿಸಲಿ. ಎಷ್ಟು ಹೋಯಿತು, ಎಷ್ಟು ಗಂಟೆಗೆ, ವ್ಯವಹಾರದ ನಂಬರ್ ಏನು ಅಂತ ಚೀಟಿಯಲ್ಲಿ ಬರೆದುಕೊಂಡು ಮಾತಾಡಿ. ಮೋಸದ ಮೆಸೇಜನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಯಾವುದೋ ಆ್ಯಪ್ ಹಾಕಿಕೊಂಡಿದ್ದರೆ ನಿಮ್ಮ ಫೋನನ್ನು ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಕರೆಗಳನ್ನು ಪಕ್ಕದ ಮನೆಯವರ ಫೋನಿನಿಂದ ಮಾಡಿ. ಪಾಸ್‌ವರ್ಡ್ ಬದಲಾಯಿಸುವುದೂ ಬೇರೆ ಫೋನಿನಿಂದಲೇ. ಆ್ಯಪ್ ತೆಗೆದರೂ ಏನಾದರೂ ಉಳಿದಿರಬಹುದು. ಫೋಟೋ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸುವುದೇ ಒಳ್ಳೆಯದು.

ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಿ. ವಿಳಾಸ 'ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್'. ಅಲ್ಲಿ ಸಿಗುವ ನಂಬರ್ ಜೋಪಾನ. ಅದನ್ನು ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ಇದಕ್ಕೆ ಕಾರಣ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿದ್ದರೆ ಮೂರು ಕೆಲಸದ ದಿನದೊಳಗೆ ತಿಳಿಸಿದಾಗ ನಷ್ಟ ನಿಮ್ಮದಲ್ಲ. ನೀವೇ ಒಟಿಪಿ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಎಷ್ಟು ಗಂಟೆಗೆ ತಿಳಿಸಿದಿರಿ ಎನ್ನುವುದಕ್ಕೆ ಪುರಾವೆ ಬೇಕಾಗುವುದು ಅದಕ್ಕೆ. 30 ದಿನ ಕಳೆದರೂ ಬ್ಯಾಂಕ್ ಸರಿಯಾಗಿ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ಇನ್ನೊಂದು ಗಾಳ ಬರುತ್ತದೆ. "ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಇಷ್ಟು ಶುಲ್ಕ ಕಟ್ಟಿ" ಅಂತ. ಒಮ್ಮೆ ಮೋಸ ಹೋದವರ ನಂಬರ್ ಕಳ್ಳರ ಹತ್ತಿರ ಇರುತ್ತದೆ ಅಲ್ವಾ? ಹಣ ವಾಪಸ್ ಕೊಡಿಸಲು ಪೊಲೀಸರು ಶುಲ್ಕ ಕೇಳುವುದಿಲ್ಲ.

ಹಣ ಹೋಗದೆ ಬರೀ ಮೋಸದ ಮೆಸೇಜೋ ಕರೆಯೋ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಎರಡು ನಿಮಿಷದ ಕೆಲಸ.

ಒಂದು ಭಾನುವಾರ ಮನೆಯವರಿಗಾಗಿ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಊರಿಗೆ ಹೋದಾಗ ಅಪ್ಪ ಅಮ್ಮನ ಫೋನ್ ತೆಗೆದುಕೊಂಡು ಕೂರಿ. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಆ್ಯಪ್ ಹಾಕುವ ಅನುಮತಿಯನ್ನು ವಾಟ್ಸಾಪ್‌ಗೂ ಕ್ರೋಮ್‌ಗೂ ಆರಿಸಿ. ಪ್ಲೇಸ್ಟೋರ್‌ನ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆ್ಯಪ್ ಪತ್ತೆ ಹಚ್ಚುವ ಸೌಲಭ್ಯ) ಆನ್ ಇದೆಯಾ ನೋಡಿ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿ. ಕಾರ್ಡಿನ ವಿದೇಶಿ ವ್ಯವಹಾರವನ್ನು ಬ್ಯಾಂಕ್ ಆ್ಯಪ್‌ನಲ್ಲಿ ಬಂದ್ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪಿಂಚಣಿ ಮತ್ತು ಉಳಿತಾಯ ಇರುವ ಖಾತೆಗೆ ಯುಪಿಐ ಬೇಡ. ಯುಪಿಐಗೆ ಬೇರೆಯೇ ಖಾತೆ ಇರಲಿ, ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ. ಸಿಕ್ಕಿಬಿದ್ದರೂ ಹೋಗುವುದು ತರಕಾರಿ ದುಡ್ಡು ಮಾತ್ರ.

ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು, ಅಪ್ಪ ಅಮ್ಮ ಮಾತ್ರ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವ ಮನೆಗಳು ತುಂಬಾ ಇವೆ. ಇಲ್ಲಿ ಮಧ್ಯಾಹ್ನ ಕರೆ ಬಂದಾಗ ಅಮೆರಿಕದಲ್ಲಿ ಮಗ ನಿದ್ದೆಯಲ್ಲಿರುತ್ತಾನೆ. ಎಬ್ಬಿಸುವುದು ಬೇಡ ಅಂತ ಅವರೇ ಏನೋ ಮಾಡಿಬಿಡುತ್ತಾರೆ. ಹತ್ತಿರದಲ್ಲೇ ಇರುವ ಒಬ್ಬರನ್ನು ಗೊತ್ತು ಮಾಡಿಡಿ. ಪಕ್ಕದ ಮನೆಯ ಕಾಲೇಜು ಹುಡುಗಿ ಆದರೂ ಸರಿ. "ಏನೇ ಬಂದರೂ ಮೊದಲು ಅವಳಿಗೆ ತೋರಿಸಿ" ಅಂತ ಹೇಳಿಡಿ. ನಿಮಗೂ ನಡುರಾತ್ರಿ ಫೋನ್ ಮಾಡಬಹುದು, ಬೈಯುವುದಿಲ್ಲ ಅಂತಲೂ ಹೇಳಿ. ಈ ಕೊನೆಯ ಮಾತನ್ನು ಬಾಯಿಬಿಟ್ಟೇ ಹೇಳಬೇಕು.

ಚಿಕ್ಕಮ್ಮನ 48 ಸಾವಿರದಲ್ಲಿ ಒಂದು ಖಾತೆಯಲ್ಲಿ ಉಳಿದಿದ್ದ ಆರು ಸಾವಿರ ಕೆಲವು ತಿಂಗಳ ಮೇಲೆ ವಾಪಸ್ ಬಂತು. ಈಗ ಅವರ ಫ್ರಿಜ್ ಬಾಗಿಲ ಮೇಲೆ ಕರೆಂಟ್ ಬಿಲ್ ರಸೀದಿಯ ಪಕ್ಕ ಒಂದು ಚೀಟಿ ಇದೆ. ಅವರದೇ ದುಂಡನೆಯ ಅಕ್ಷರ. ಮೇಲೆ 1930, ಅದರ ಕೆಳಗೆ 1912, ಅದರ ಕೆಳಗೆ ಪಾಸ್‌ಬುಕ್ ನೋಡಿ ಬರೆದುಕೊಂಡ ಬ್ಯಾಂಕಿನ ನಂಬರ್, ಕೊನೆಗೆ ನನ್ನದು. ಹೋದ ತಿಂಗಳು ಗಾಡಿ ದಂಡದ ಮೆಸೇಜ್ ಬಂದಾಗ ಫೋನನ್ನು ಫ್ರಿಜ್ ಮೇಲಿಟ್ಟು, ಚಪಾತಿ ಬೇಯಿಸಿ ಮುಗಿಸಿ, ಆಮೇಲೆ ನನಗೆ ಫೋನ್ ಮಾಡಿದರು. "ನಮ್ಮ ಹತ್ರ ಗಾಡಿನೇ ಇಲ್ವಲ್ಲೋ" ಅಂದರು.